ಪಿಟಿಒ ಶಾಫ್ಟ್ ಕೂತರೆ ಸಾಲದು

ಮಾವು, ತೆಂಗಿನ ತೋಟದ ಸಾಲುಗಳ ನಡುವೆ ಮೊಣಕಾಲೆತ್ತರ ಎದ್ದ ಕಳೆಯನ್ನು ಸವರಿಹಾಕಲು ಮಿನಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ರೋಟರಿ ಸ್ಲ್ಯಾಷರ್ ನೋಡುವುದಕ್ಕೆ ಬಲು ಸರಳ. ಕಬ್ಬಿಣದ ಹೊದಿಕೆಯ ಮೇಲೆ ಒಂದು ಗೇರ್‌ಬಾಕ್ಸ್, ಹೊದಿಕೆಯ ಅಡಿಯಲ್ಲಿ ಬೋಲ್ಟಿಗೆ ಸಡಿಲವಾಗಿ ಸಿಕ್ಕಿಸಿದ ಎರಡು ದಪ್ಪ ಬ್ಲೇಡು, ಅಷ್ಟೆ. ಆದರೆ ಐದು ಅಡಿ ಅಗಲದ ಸ್ಲ್ಯಾಷರಿನಲ್ಲಿ ಆ ಬ್ಲೇಡುಗಳು ನಿಮಿಷಕ್ಕೆ 900 ಸುತ್ತು ತಿರುಗಿದರೆ ಅವುಗಳ ತುದಿ ಗಂಟೆಗೆ 250 ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತಿರುತ್ತದೆ. ಆ ಶಕ್ತಿಯೆಲ್ಲ ಎಂಜಿನ್ನಿನಿಂದ ಬ್ಲೇಡಿಗೆ ಹಾಯುವುದು ಟ್ರ್ಯಾಕ್ಟರಿನ ಬೆನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಸಿಕ್ಕಿಸುವ ಪಿಟಿಒ (ಪವರ್ ಟೇಕ್-ಆಫ್) ಶಾಫ್ಟ್ ಒಂದರ ಮೂಲಕ. ಸ್ಲ್ಯಾಷರ್ ಕೊಳ್ಳುವಾಗ ಬ್ಲೇಡಿನ ದಪ್ಪ ನೋಡುತ್ತೇವೆ, ಗೇರ್‌ಬಾಕ್ಸಿನ ಎಣ್ಣೆ ವಿಚಾರಿಸುತ್ತೇವೆ. ಶಾಫ್ಟನ್ನು ಮಾತ್ರ ಜೊತೆಗೆ ಬಂದ ಸಾಮಾನು ಎಂದು ತೆಗೆದುಕೊಂಡು ಬರುತ್ತೇವೆ. ನನ್ನ ವಾದ ಇಷ್ಟೇ: ಈ ಶಾಫ್ಟು ತಾನೇ ಒಂದು ಯಂತ್ರ. ಇಂಥ ಟ್ರ್ಯಾಕ್ಟರು, ಇಂಥ ಸ್ಲ್ಯಾಷರು ಎಂಬ ಜೋಡಿಗೆ ಅಳೆದು ಹೊಂದಿಸುವ ತನಕ ಅದರ ಜೋಡಣೆ ಮುಗಿದಿಲ್ಲ.

ಅಳತೆ ಬೇಕಿಲ್ಲ ಎಂಬ ಭಾವನೆ ಹುಟ್ಟುವುದಕ್ಕೆ ಕಾರಣವೂ ಇದೆ. ಟ್ರ್ಯಾಕ್ಟರಿನ ಎಂಜಿನ್ನಿನಿಂದಲೇ ಹಿಂದಿನ ಉಪಕರಣವನ್ನು ತಿರುಗಿಸಬಹುದು ಎಂದು ಫ್ರಾನ್ಸಿನ ಗೂಜಿ ಎಂಬ ರೈತ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲೇ ಮಾಡಿ ತೋರಿಸಿದ್ದ. ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1918ರಲ್ಲಿ ತನ್ನ 8-16 ಟ್ರ್ಯಾಕ್ಟರಿನಲ್ಲಿ ಈ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. 1927ರಲ್ಲಿ ಅಲ್ಲಿನ ಕೃಷಿ ಎಂಜಿನಿಯರುಗಳ ಸಂಘ ಇದಕ್ಕೊಂದು ಮಾನಕ ಗೊತ್ತುಮಾಡಿತು. ಇಂದು ನಮ್ಮಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಪಿಟಿಒ ಆ ಪರಂಪರೆಯದೇ: ಒಂದೂ ಮೂರೆಂಟಾಂಶ ಇಂಚು, ಅಂದರೆ 35 ಮಿಲಿಮೀಟರ್ ದಪ್ಪ, ಆರು ಹಲ್ಲಿನ ಸ್ಪ್ಲೈನ್, ನಿಮಿಷಕ್ಕೆ 540 ಸುತ್ತು. ಯಾವ ಕಂಪನಿಯ ಉಪಕರಣವನ್ನು ಯಾವ ಕಂಪನಿಯ ಟ್ರ್ಯಾಕ್ಟರಿಗಾದರೂ ಕಟ್ಟಬಹುದು ಎಂಬ ದೊಡ್ಡ ಅನುಕೂಲ ರೈತನಿಗೆ ಸಿಕ್ಕಿದ್ದು ಇದರಿಂದ. ಆದರೆ ಈ ಒಪ್ಪಂದ ಶಾಫ್ಟಿನ ತುದಿಗಳಿಗೆ ಸಂಬಂಧಿಸಿದ್ದು. ನಡುವಿನ ಅಂತರ ಟ್ರ್ಯಾಕ್ಟರಿನ ಕೆಳಲಿಂಕುಗಳು ಎಷ್ಟು ಉದ್ದ, ಉಪಕರಣದ ಗೇರ್‌ಬಾಕ್ಸ್ ಎಷ್ಟು ಹಿಂದೆ ಕೂತಿದೆ ಎಂಬುದರ ಮೇಲೆ ಹೋಗುತ್ತದೆ. ದೊಡ್ಡ ಟ್ರ್ಯಾಕ್ಟರಿಗೂ ಆಗಲಿ ಎಂದು ಉದ್ದವಾಗಿಯೇ ಮಾಡಿಟ್ಟ ಶಾಫ್ಟು ಗಿಡ್ಡ ಲಿಂಕಿನ ಮಿನಿ ಟ್ರ್ಯಾಕ್ಟರಿಗೆ ಬಹಳ ಸಲ ಹೆಚ್ಚಾಗುತ್ತದೆ. ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಿಂದ ತಂದ ಉಪಕರಣವನ್ನು ನಮ್ಮದೇ ಟ್ರ್ಯಾಕ್ಟರಿಗೆ ಕಟ್ಟುವಾಗಲೂ ಇದೇ ತೊಂದರೆ, ಏಕೆಂದರೆ ಅದನ್ನು ಹಿಂದಿನ ದಿನ ಎಳೆದದ್ದು ಬೇರೆಯೇ ಟ್ರ್ಯಾಕ್ಟರ್ ಆಗಿರಬಹುದು.

ಶಾಫ್ಟು ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದ ಆಗಿದೆಯಲ್ಲ, ಉದ್ದ ತಾನೇ ಹೊಂದಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಹೊಂದಿಕೊಳ್ಳುತ್ತದೆ, ಆದರೆ ಒಂದು ಮಿತಿಯೊಳಗೆ. ಹೈಡ್ರಾಲಿಕ್ ಲಿವರ್ ಎತ್ತಿದಾಗ ಸ್ಲ್ಯಾಷರ್ ನೇರವಾಗಿ ಮೇಲೇಳುವುದಿಲ್ಲ, ಲಿಂಕುಗಳ ಕೀಲಿನ ಸುತ್ತ ಕಮಾನಿನಂತೆ ಏರುತ್ತದೆ. ಆ ಹಾದಿಯಲ್ಲಿ ಎರಡು ತುದಿಗಳೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುವ ಕಡೆ ಅಂತರ ಅತಿ ಕಡಿಮೆ. ಪೂರ್ತಿ ಎತ್ತಿದಾಗಲೋ ತಗ್ಗಿಗೆ ಇಳಿದಾಗಲೋ ಹೆಚ್ಚು. ಆದ್ದರಿಂದ ಅಳತೆ ಎರಡು ಕಡೆ ಬೇಕು. ಸಮತಟ್ಟಾದ ನೆಲದಲ್ಲಿ ಸ್ಲ್ಯಾಷರನ್ನು ಮೂರು ಪಾಯಿಂಟಿಗೂ ಕಟ್ಟಿ, ಶಾಫ್ಟಿನ ಎರಡು ಭಾಗಗಳನ್ನು ಬೇರೆ ಮಾಡಿ ಒಂದನ್ನು ಪಿಟಿಒಗೆ, ಇನ್ನೊಂದನ್ನು ಗೇರ್‌ಬಾಕ್ಸಿಗೆ ಸಿಕ್ಕಿಸಬೇಕು. ಅಂತರ ಅತಿ ಕಡಿಮೆಯಾಗುವ ಎತ್ತರಕ್ಕೆ ತಂದು, ಸ್ಲ್ಯಾಷರಿನ ಕೆಳಗೆ ಗಟ್ಟಿ ಆಸರೆ ಕೊಟ್ಟು, ಎಂಜಿನ್ ಆರಿಸಿ, ಕೀಲಿ ಕೈಗೆ ತೆಗೆದುಕೊಂಡ ಮೇಲೆ ಎರಡು ಭಾಗಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದರೆ ಎಷ್ಟು ಹೆಚ್ಚಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆ ಗಿಡ್ಡ ಸ್ಥಿತಿಯಲ್ಲೂ ಕೊಳವೆ ತಳ ಮುಟ್ಟದೆ ಕನಿಷ್ಠ 25 ಮಿಲಿಮೀಟರ್ ಖಾಲಿ ಉಳಿಯಬೇಕು. ಉದ್ದದ ಸ್ಥಿತಿಯಲ್ಲಿ ಕೊಳವೆಗಳ ಮೂರರಲ್ಲೊಂದು ಭಾಗವಾದರೂ ಒಂದರೊಳಗೊಂದು ಹೊಕ್ಕಿರಬೇಕು. ಹೆಚ್ಚಾದದ್ದನ್ನು ಒಳಕೊಳವೆ, ಹೊರಕೊಳವೆ, ಎರಡು ಪ್ಲಾಸ್ಟಿಕ್ ಕವಚ ಎಲ್ಲದರಿಂದಲೂ ಸಮನಾಗಿ ಗರಗಸದಲ್ಲಿ ಕತ್ತರಿಸಿ, ಅಂಚಿನ ಮುಳ್ಳನ್ನು ಅರದಿಂದ ಉಜ್ಜಿ, ಪುಡಿ ಒರೆಸಿ, ಗ್ರೀಸ್ ಹಚ್ಚಿ ಕೂಡಿಸಬೇಕು.

ಹೊಸ ಶಾಫ್ಟಿಗೆ ಗರಗಸ ಹಾಕುವುದಕ್ಕೆ ಯಾರಿಗಾದರೂ ಕೈ ಹಿಂಜರಿಯುತ್ತದೆ. ಕತ್ತರಿಸದೆ ಓಡಿಸಿದವರಿಗೂ ಏನೂ ಆಗಿಲ್ಲವಲ್ಲ ಎಂಬ ಮಾತೂ ಬರುತ್ತದೆ, ಅದು ಸುಳ್ಳಲ್ಲ. ಸಮತಟ್ಟಾದ ತೋಟದಲ್ಲಿ ಸ್ಲ್ಯಾಷರ್ ಒಂದೇ ಮಟ್ಟದಲ್ಲಿ ಓಡುವಾಗ ಉದ್ದದ ಶಾಫ್ಟಿಗೂ ಜಾಗ ಸಿಕ್ಕೀತು. ಬದು ದಾಟುವಾಗ ಎತ್ತಿದಿರೋ, ಅಂತರ ಅತಿ ಕಡಿಮೆಯಾಗುವ ಮಟ್ಟದಲ್ಲಿ ಕೊಳವೆ ತಳ ಮುಟ್ಟಿ ಹೈಡ್ರಾಲಿಕ್ಕಿನ ಇಡೀ ಬಲ ಶಾಫ್ಟಿನ ಉದ್ದಕ್ಕೆ ಒತ್ತುತ್ತದೆ. ಆ ಒತ್ತಡ ತಡೆಯಬೇಕಾದವು ಒಂದು ಕಡೆ ಟ್ರ್ಯಾಕ್ಟರಿನ ಪಿಟಿಒ ಬೇರಿಂಗು, ಇನ್ನೊಂದು ಕಡೆ ಸ್ಲ್ಯಾಷರಿನ ಗೇರ್‌ಬಾಕ್ಸು. ಉದ್ದಕ್ಕೆ ಬೀಳುವ ಇಂಥ ಹೊಡೆತಕ್ಕೆಂದು ಅವೆರಡನ್ನೂ ಮಾಡಿದ್ದಲ್ಲ. ಉದ್ದ ಸರಿಯಿದ್ದಾಗಲೂ ಜಾರುವಿಕೆ ಸಲೀಸಲ್ಲ. 20 ಅಶ್ವಶಕ್ತಿ 540 ಸುತ್ತಿನಲ್ಲಿ ಹಾಯುವಾಗ ಶಾಫ್ಟಿನ ಮೇಲಿನ ತಿರುಚುಬಲ ಸುಮಾರು 265 ನ್ಯೂಟನ್-ಮೀಟರ್. ಕೊಳವೆಗಳ ಗೋಡೆಗಳು ಈ ಬಲದಿಂದ ಒಂದನ್ನೊಂದು ಅದುಮಿ ಹಿಡಿದಿರುತ್ತವೆ. ಅದುಮುವ ಜಾಗ ನಡುಗೆರೆಯಿಂದ 20 ಮಿಲಿಮೀಟರ್ ದೂರವಿದ್ದು ಘರ್ಷಣಾ ಗುಣಾಂಕ 0.15 ಇದೆ ಎಂದು ಲೆಕ್ಕ ಹಾಕಿದರೆ, ಅವನ್ನು ಜಾರಿಸಲು 200 ಕಿಲೋ ತೂಕದಷ್ಟು ನೂಕುಬಲ ಬೇಕು. ಗ್ರೀಸ್ ಒಣಗಿ ತುಕ್ಕು ಹಿಡಿದರೆ ಇದು ಇನ್ನೂ ಏರುತ್ತದೆ. ಅಂದರೆ ಗ್ರೀಸ್ ಹಾಕದ ಶಾಫ್ಟು ತಳ ಮುಟ್ಟದೆಯೂ ಬೇರಿಂಗನ್ನು ಕೊಲ್ಲಬಲ್ಲದು. ಇನ್ನು ಅತಿಯಾಗಿ ಕತ್ತರಿಸಿದ ಶಾಫ್ಟಿನ ಅಪಾಯವಂತೂ ಕಣ್ಣಮುಂದಿನದು: ತಗ್ಗಿಗೆ ಇಳಿದಾಗ ಕೊಳವೆಗಳು ಕಳಚಿಕೊಂಡರೆ ಟ್ರ್ಯಾಕ್ಟರಿನ ಕಡೆಯ ತುಂಡು ತಿರುಗುತ್ತಲೇ ಬೀಸಾಡುತ್ತದೆ.

ಉದ್ದದಷ್ಟೇ ಮುಖ್ಯವಾದದ್ದು ಕೋನ. ಶಾಫ್ಟಿನ ಎರಡೂ ತುದಿಯಲ್ಲಿ ಇರುವ ಕ್ರಾಸ್ ಜಾಯಿಂಟಿಗೆ ಇಟಲಿಯ ಕಾರ್ಡಾನೊ, ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಅಂಟಿಕೊಂಡಿದೆ. ಬಾಗಿದ ಸ್ಥಿತಿಯಲ್ಲೂ ತಿರುಗುವ ಈ ಕೀಲು ಸಮವೇಗದಲ್ಲಿ ಮಾತ್ರ ತಿರುಗುವುದಿಲ್ಲ. 30 ಡಿಗ್ರಿ ಬಾಗಿದ್ದರೆ, ಒಂದು ಕಡೆ ನಿಮಿಷಕ್ಕೆ 540 ಸುತ್ತು ಸ್ಥಿರವಾಗಿದ್ದರೂ ಇನ್ನೊಂದು ಕಡೆಯ ವೇಗ 468ಕ್ಕೆ ಇಳಿದು 624ಕ್ಕೆ ಏರುತ್ತದೆ, ಅದೂ ಪ್ರತಿ ಸುತ್ತಿನಲ್ಲಿ ಎರಡು ಬಾರಿ, ಅಂದರೆ ಸೆಕೆಂಡಿಗೆ 18 ಬಾರಿ. ಒಂದು ಕೀಲು ಎಬ್ಬಿಸಿದ ಏರಿಳಿತವನ್ನು ಎರಡನೆಯ ಕೀಲು ಅಳಿಸಿಹಾಕುತ್ತದೆ ಎಂಬುದು ಎರಡು ಕೀಲಿನ ಶಾಫ್ಟಿನ ಚಂದ. ಆದರೆ ಅದಕ್ಕೆ ಷರತ್ತುಗಳಿವೆ. ಕ್ರಾಸನ್ನು ಹಿಡಿದ ನಡುವಿನ ಎರಡು ಕವಲುಗಳು, ಅಂದರೆ ಯೋಕುಗಳು, ಒಂದೇ ಸಾಲಿನಲ್ಲಿ ಇರಬೇಕು. ಚೌಕ ಕೊಳವೆಯ ಶಾಫ್ಟನ್ನು ಬಿಚ್ಚಿ ಕೂಡಿಸುವಾಗ ಕಾಲು ಸುತ್ತು ತಪ್ಪಿದರೂ ಕಂಪನ ಅಳಿಯುವ ಬದಲು ಹೆಚ್ಚುತ್ತದೆ. ಎರಡೂ ತುದಿಯ ಕೋನ ಸಮನಾಗಿರಬೇಕು, ಅದನ್ನು ಟಾಪ್ ಲಿಂಕ್ ತಿರುಗಿಸಿ ಹೊಂದಿಸಬಹುದು. ಸ್ಲ್ಯಾಷರನ್ನು ಪೂರ್ತಿ ಎತ್ತಿದಾಗ ಈ ಸಮತೆ ಕೆಡುವುದರಿಂದಲೇ ಟ್ರ್ಯಾಕ್ಟರಿನ ಬೆನ್ನಿನಲ್ಲಿ ಗಡಗಡ ಶುರುವಾಗುತ್ತದೆ. ಎತ್ತುವ ಮೊದಲು ಪಿಟಿಒ ನಿಲ್ಲಿಸಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಬ್ಲೇಡು ಕಲ್ಲಿಗೋ ಬೇರಿಗೋ ಬಡಿದಾಗ ಮೊದಲು ಮುರಿಯಲೆಂದೇ ಶಾಫ್ಟಿನ ತುದಿಯಲ್ಲಿ ಶಿಯರ್ ಬೋಲ್ಟ್ ಇರುತ್ತದೆ. ಪದೇಪದೇ ತುಂಡಾಗುತ್ತದೆಂದು ಅದರ ಜಾಗದಲ್ಲಿ ಗಟ್ಟಿ ಬೋಲ್ಟ್ ತೂರಿಸುವ ರೂಢಿ ಇದೆ. ಕಳೆ ಕೊಯ್ಯುವ ಆತುರದಲ್ಲಿ ಹಾಗೆ ಮಾಡುವವರ ಕಷ್ಟ ಅರ್ಥವಾಗುತ್ತದೆ, ಆದರೆ ಅಲ್ಲಿಂದ ಮುಂದೆ ಮುರಿಯುವ ಸರದಿ ಗೇರಿನ ಹಲ್ಲಿನದು.

ಪ್ಲಾಸ್ಟಿಕ್ ಕವಚದ ವಿಷಯದಲ್ಲಿ ಆಕ್ಷೇಪ ಇನ್ನೂ ಗಟ್ಟಿಯಾಗಿದೆ: ಗ್ರೀಸ್ ಹಾಕಲು ಅಡ್ಡ ಬರುತ್ತದೆ, ನಾಲ್ಕು ದಿನಕ್ಕೆ ಒಡೆಯುತ್ತದೆ, ಕಿತ್ತು ಎಸೆದರೇ ವಾಸಿ. ಒಡೆಯುವುದು ನಿಜ. ಆದರೆ ಶಾಫ್ಟು ಕತ್ತರಿಸಿ ಕವಚ ಕತ್ತರಿಸದಿದ್ದರೆ, ಇಲ್ಲವೇ ಎರಡನ್ನೂ ಅಳೆಯದೆ ಬಿಟ್ಟರೆ, ಎತ್ತಿದಾಗ ಅದು ಸಿಕ್ಕಿ ಸೀಳದೆ ಇನ್ನೇನಾದೀತು? ಅಳತೆಗೆ ಕೂತು, ತನ್ನ ಸರಪಳಿಯನ್ನು ಅಲುಗದ ಕೊಂಡಿಗೆ ಕಟ್ಟಿಸಿಕೊಂಡ ಕವಚ ಒಳಗಿನ ಶಾಫ್ಟ್ ತಿರುಗುವಾಗಲೂ ನಿಂತೇ ಇರುತ್ತದೆ. ಕವಚವಿಲ್ಲದ ಎಂಟು ಸೆಂಟಿಮೀಟರ್ ದಪ್ಪದ ಯೋಕ್ 540 ಸುತ್ತಿನಲ್ಲಿ ಪಂಚೆಯ ಅಂಚನ್ನೋ ಸೆರಗನ್ನೋ ಹಿಡಿದರೆ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ಕ್ಲಚ್ ತುಳಿಯಲು ಅಷ್ಟು ಹೊತ್ತು ಸಿಗುವುದಿಲ್ಲ. ಹೀಗೆ ಶಾಫ್ಟೂ ಕವಚವೂ ಅಳತೆಗೆ ಕೂರಬೇಕಾದರೆ ಬಾಡಿಗೆಗೆ ಕೊಡುವವರು ಪ್ರತಿ ಶಾಫ್ಟಿನ ಮೇಲೆ ಅದರ ಅತಿ ಗಿಡ್ಡ, ಅತಿ ಉದ್ದದ ಅಳತೆಗಳನ್ನು ಬಣ್ಣದಲ್ಲಿ ಬರೆದು, ಎರಡು ಮೂರು ಉದ್ದದ ಶಾಫ್ಟುಗಳನ್ನು ಇಟ್ಟುಕೊಳ್ಳಬೇಕು. ಉಪಕರಣ ಒಯ್ಯುವವರು ತಮ್ಮ ಟ್ರ್ಯಾಕ್ಟರಿನ ಅಳತೆ ತಂದು ಅದಕ್ಕೆ ಸರಿಯಾದದ್ದನ್ನು ಕೇಳಿ ಪಡೆಯಬೇಕು.