ಕೇಳಿ ಅಗೆದವರಿಗೆ ಕೋಟಿ, ಕದ್ದು ಅಗೆದವರಿಗೆ ಕೋಳ!

ನಿಮಗಿದು ಗೊತ್ತೇ? ಮೆಟಲ್ ಡಿಟೆಕ್ಟರ್ ಮೊದಮೊದಲು ಹುಡುಕಹೊರಟದ್ದು ಚಿನ್ನವನ್ನಲ್ಲ, ಒಂದು ಗುಂಡನ್ನು! 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡು ತಗಲಿತು. ಅದು ಮೈಯೊಳಗೆ ಎಲ್ಲಿ ಕೂತಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್‌ರೇ ಇನ್ನೂ ಬಂದಿರದ ಕಾಲ. ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೇ ಲೋಹ ಪತ್ತೆಹಚ್ಚುವ ಯಂತ್ರ ಹಿಡಿದು ಶ್ವೇತಭವನಕ್ಕೆ ಬಂದರು!

ಗುಂಡು ಮಾತ್ರ ಸಿಗಲಿಲ್ಲ. ಹಾಸಿಗೆಯಲ್ಲಿದ್ದ ಉಕ್ಕಿನ ತಂತಿ ಯಂತ್ರದ ದಾರಿ ತಪ್ಪಿಸಿತು. ಇನ್ನೊಂದು ಕಾರಣ ಕೇಳಿದರೆ ಬೆರಗಾಗುತ್ತೀರಿ. ಮುಖ್ಯ ವೈದ್ಯರು ಅಧ್ಯಕ್ಷರ ಮೈಯ ಬಲಭಾಗದಲ್ಲಿ ಮಾತ್ರ ಹುಡುಕಲು ಅನುಮತಿ ಕೊಟ್ಟಿದ್ದರು. ಗುಂಡು ಇದ್ದದ್ದು ಎಡಭಾಗದಲ್ಲಿ!

ಅಲ್ಲಿಂದ ಇಲ್ಲಿಯವರೆಗೂ ಈ ಯಂತ್ರದ ಕಥೆಯಲ್ಲಿ ಅನುಮತಿಯದೇ ದೊಡ್ಡ ಪಾತ್ರ. ಯಂತ್ರ ಬೀಪ್ ಅಂದರೆ ಆಗಲಿಲ್ಲ. ಜಾಗ ಯಾರದು? ಅವರನ್ನು ಕೇಳಿದಿರಾ? ಇಡೀ ಆಟ ನಿಂತಿರುವುದೇ ಅದರ ಮೇಲೆ. ಬನ್ನಿ, ಒಂದೊಂದಾಗಿ ನೋಡೋಣ.

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದಲ್ಲಿ ಹಾಕ್ಸ್ನ್ ಅಂತ ಒಂದು ಹಳ್ಳಿ. 1992ರ ನವೆಂಬರ್‌ನಲ್ಲಿ ಅಲ್ಲಿನ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಗೆಳೆಯ ಎರಿಕ್ ಲಾಸ್ ಅವರನ್ನು ಕರೆದು, ನಿನ್ನ ಯಂತ್ರದಿಂದ ಸ್ವಲ್ಪ ಹುಡುಕಿಕೊಡು ಮಾರಾಯ ಎಂದರು. ಲಾಸ್ ಹುಡುಕಿದರು. ಸಿಕ್ಕಿದ್ದು ರೋಮನ್ ಕಾಲದ ಸುಮಾರು 15,000 ಚಿನ್ನ, ಬೆಳ್ಳಿ, ಕಂಚಿನ ನಾಣ್ಯಗಳು! ಜೊತೆಗೆ ಚಿನ್ನದ ಒಡವೆ, ರಾಶಿ ಬೆಳ್ಳಿ ಚಮಚ!

ಲಾಸ್ ಆಗ ಮಾಡಿದ ಕೆಲಸ ನೋಡಿ. ಪೂರ್ತಿ ಅಗೆಯಲಿಲ್ಲ. ಕೈ ತಡೆದು, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಮರುದಿನವೇ ಪುರಾತತ್ವ ತಜ್ಞರು ಬಂದು ಎಲ್ಲವನ್ನೂ ಇದ್ದ ಜಾಗ ಗುರುತಿಸಿಕೊಂಡು ಎತ್ತಿದರು. ಯಾವ ಚಮಚ ಯಾವ ಪೆಟ್ಟಿಗೆಯಲ್ಲಿತ್ತು ಎಂಬುದೂ ಹಾಗಾಗಿ ತಿಳಿಯಿತು. ಲಾಸ್ ಅವರಿಗೆ ಬಂದ ಬಹುಮಾನ 17.5 ಲಕ್ಷ ಪೌಂಡ್. ಆಗಿನ ಕಾನೂನಿನಲ್ಲಿ ಜಮೀನಿನವರಿಗೆ ಪಾಲು ಕೊಡಲೇಬೇಕೆಂದಿರಲಿಲ್ಲ. ಆದರೂ ಗೆಳೆಯನ ಜೊತೆ ಹಂಚಿಕೊಂಡರು!

ಸುತ್ತಿಗೆ? ಅದೂ ಸಿಕ್ಕಿತು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ!

ಆ ನಿಧಿಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ಘಮವೂ ಇದೆ ಗೊತ್ತೇ? ಬೆಳ್ಳಿಯ ನಾಲ್ಕು ಕಾಳುಮೆಣಸಿನ ಡಬ್ಬಿಗಳು ಅದರಲ್ಲಿದ್ದವು. ಒಂದು ಡಬ್ಬಿ ಸಿಂಗಾರ ಮಾಡಿಕೊಂಡ ಹೆಂಗಸಿನ ಆಕಾರದಲ್ಲಿದೆ. ರೋಮನ್ನರ ಊಟಕ್ಕೆ ಮೆಣಸು ಹಡಗೇರಿ ಹೋಗುತ್ತಿದ್ದದ್ದು ಮಲಬಾರ್ ತೀರದಿಂದ!

ಈ ಪ್ರಕರಣ ನಡೆದ ನಾಲ್ಕೇ ವರ್ಷಕ್ಕೆ ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯ್ದೆ ಬಂತು. 300 ವರ್ಷಕ್ಕಿಂತ ಹಳೆಯದಾದ, ತೂಕದಲ್ಲಿ ಕನಿಷ್ಠ ಶೇ 10ರಷ್ಟು ಚಿನ್ನವೋ ಬೆಳ್ಳಿಯೋ ಇರುವ ವಸ್ತು ಸಿಕ್ಕಿದರೆ 14 ದಿನದೊಳಗೆ ತಿಳಿಸಬೇಕು. ತಿಳಿಸದಿದ್ದರೆ ಮೂರು ತಿಂಗಳವರೆಗೆ ಜೈಲು!

ಯಾರಿಗೆ ತಿಳಿಸಬೇಕು, ಊಹಿಸಿ. ಪೊಲೀಸರಿಗಲ್ಲ, ಮ್ಯೂಸಿಯಂಗೂ ಅಲ್ಲ. ಕಾರೋನರ್‌ಗೆ! ಅನುಮಾನಾಸ್ಪದ ಸಾವುಗಳ ವಿಚಾರಣೆ ನಡೆಸುವ ಅಧಿಕಾರಿಯೇ ಅಲ್ಲಿ ನಿಧಿಯ ವಿಚಾರಣೆಯನ್ನೂ ನಡೆಸುತ್ತಾರೆ!

ಈಗ ಅಲ್ಲಿ ಹುಡುಕಿದವರಿಗೂ ಜಮೀನಿನವರಿಗೂ ಸಾಮಾನ್ಯವಾಗಿ ಸಮಪಾಲು. ಆಧುನಿಕ ನ್ಯಾಯ ಎಂದುಕೊಂಡಿರಾ? ಸುಮಾರು 1,900 ವರ್ಷದ ಹಿಂದೆಯೇ ರೋಮ್ ಚಕ್ರವರ್ತಿ ಹೇಡ್ರಿಯನ್ ಇದೇ ಲೆಕ್ಕ ಹಾಕಿದ್ದ! ನಿನ್ನ ನೆಲದಲ್ಲಿ ಸಿಕ್ಕಿದರೆ ಪೂರ್ತಿ ನಿನಗೆ, ಬೇರೆಯವರ ನೆಲದಲ್ಲಿ ಅಕಸ್ಮಾತ್ ಸಿಕ್ಕಿದರೆ ಅರ್ಧ ಅವರಿಗೆ.

ಆ ಅರ್ಧವೇನೂ ಚಿಲ್ಲರೆಯಲ್ಲ. 2019ರಲ್ಲಿ ಇಂಗ್ಲೆಂಡಿನ ಚ್ಯೂ ಕಣಿವೆಯ ಹೊಲವೊಂದರಲ್ಲಿ 2,584 ಬೆಳ್ಳಿ ನಾಣ್ಯ ಸಿಕ್ಕವು. ಬೆಲೆ 43 ಲಕ್ಷ ಪೌಂಡ್!

ಜಮೀನು ಉಳುವವರು ಹೂಂ ಅಂದರೆ ಸಾಕೇ? ಸಾಲದು! ಗೇಣಿದಾರರು ಒಪ್ಪಿದರೂ ಮಾಲೀಕರ ಒಪ್ಪಿಗೆ ಬೇರೆಯೇ ಬೇಕು. ಬಾಯಿಮಾತಿಗಿಂತ ಬರಹದಲ್ಲಿ ಪಡೆಯುವುದು ಬಲ್ಲವರ ಪದ್ಧತಿ. ಯಾವ ಹೊಲ, ಎಷ್ಟು ಆಳ, ಸಿಕ್ಕಿದರೆ ಯಾರಿಗೆಷ್ಟು, ಎಲ್ಲವೂ ಒಂದು ಹಾಳೆಯಲ್ಲಿ. ನಿಧಿ ಸಿಕ್ಕ ಮೇಲೆ ಪಾಲಿನ ಮಾತು ತೆಗೆದರೆ ಎಂಥ ಸ್ನೇಹವೂ ಹಳಸುತ್ತದೆ ನೋಡಿ!

ಇನ್ನು ಸಾರ್ವಜನಿಕ ಪಾರ್ಕ್. ಅದು ಎಲ್ಲರದೂ ತಾನೇ? ಅಲ್ಲ! 1992ರಲ್ಲಿ ಫಾರ್ನಂ ಪಾರ್ಕಿನ ಹುಲ್ಲಿನಡಿ ಒಬ್ಬರಿಗೆ ಮಧ್ಯಯುಗದ ಚಿನ್ನದ ಬ್ರೂಚ್ ಸಿಕ್ಕಿತು. ನೆಲದಿಂದ ಬರೀ ಒಂಬತ್ತು ಅಂಗುಲ ಕೆಳಗೆ. ಕೆಳ ನ್ಯಾಯಾಲಯ ಅವರಿಗೇ ಕೊಟ್ಟಿತು. ನಗರಸಭೆ ಮೇಲ್ಮನವಿ ಹೋಯಿತು. 1995ರಲ್ಲಿ ತೀರ್ಪು ತಲೆಕೆಳಗಾಯಿತು. ಪಾರ್ಕಿನಲ್ಲಿ ಅಡ್ಡಾಡಲು, ಆಡಲು ಬಿಟ್ಟಿದ್ದಾರೆಂದರೆ ಅಗೆಯಲು ಬಿಟ್ಟಿದ್ದಾರೆಂದಲ್ಲ. ಮಣ್ಣೊಳಗಿನದು ಮಣ್ಣಿನ ಒಡೆಯರದು!

ಲಂಡನ್ನಿನ ಥೇಮ್ಸ್ ನದಿಯ ವಿಷಯ ಇನ್ನೂ ವಿಚಿತ್ರ. ನೀರಿಳಿದಾಗ ಕಾಣುವ ದಂಡೆಯಲ್ಲಿ ಹಳೆಯ ವಸ್ತು ಹುಡುಕಲು ಬಂದರು ಪ್ರಾಧಿಕಾರದ ಪರವಾನಗಿ ಬೇಕು. ಯಂತ್ರ ಬೇಡ, ಗುದ್ದಲಿ ಬೇಡ, ಬರೀ ಕಣ್ಣಲ್ಲೇ ಹುಡುಕುತ್ತೇನೆ ಅಂದರೂ ಬೇಕು!

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಂತೂ ಹುಡುಕುವುದಿರಲಿ, ಡಿಟೆಕ್ಟರ್ ಇಟ್ಟುಕೊಂಡಿರುವುದೇ ಅಪರಾಧ. ಬಳಸಲಾಗದಂತೆ ಬಿಚ್ಚಿ ಕಟ್ಟಿಟ್ಟಿದ್ದರೆ ಮಾತ್ರ ಸರಿ!

ಕಾನೂನಿನ ಕಿಂಡಿಯಲ್ಲಿ ಜಾರಿಹೋದ ಶಿರಸ್ತ್ರಾಣದ ಕಥೆ ಕೇಳಿದ್ದೀರಾ? 2010ರಲ್ಲಿ ಇಂಗ್ಲೆಂಡಿನ ಕ್ರಾಸ್ಬಿ ಗ್ಯಾರೆಟ್ ಎಂಬಲ್ಲಿ ರೋಮನ್ ಸವಾರನ ಅದ್ಭುತ ಶಿರಸ್ತ್ರಾಣ ಸಿಕ್ಕಿತು. ಪೂರ್ತಿ ಮುಖವಾಡ ಸಮೇತ! ಆದರೆ ಅದು ಕಂಚಿನ ಒಂಟಿ ವಸ್ತು. ಚಿನ್ನವಲ್ಲ, ಬೆಳ್ಳಿಯಲ್ಲ. ಹಾಗಾಗಿ ಕಾನೂನಿನ ಕಣ್ಣಲ್ಲಿ ನಿಧಿಯೇ ಅಲ್ಲ! ಹರಾಜಿನಲ್ಲಿ ಸುಮಾರು 22.8 ಲಕ್ಷ ಪೌಂಡಿಗೆ ಖಾಸಗಿಯವರ ಕೈಸೇರಿತು. 2023ರಲ್ಲಿ ನಿಯಮ ಬದಲಾಯಿತು. ಚರಿತ್ರೆಗೆ ಬಹಳ ಮುಖ್ಯವಾದ, 200 ವರ್ಷ ದಾಟಿದ ವಸ್ತು ಯಾವ ಲೋಹದ್ದಾದರೂ ಈಗ ನಿಧಿಯೇ.

ಕದ್ದುಮುಚ್ಚಿ ಅಗೆದವರ ಗತಿ? 2015ರಲ್ಲಿ ಹೆರೆಫರ್ಡ್‌ಶೈರ್‌ನ ಹೊಲದಲ್ಲಿ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು. ಚಿನ್ನದ ಉಂಗುರ, ತೋಳಬಂದಿ, ಸುಮಾರು 300 ನಾಣ್ಯ. ಯಾರಿಗೂ ಹೇಳದೆ ಮಾರತೊಡಗಿದರು. ಫೋನಿನಿಂದ ಅಳಿಸಿದ್ದ ಫೋಟೋಗಳನ್ನು ಪೊಲೀಸರು ಮರಳಿ ಹೊರತೆಗೆದರು! 2019ರಲ್ಲಿ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಜೈಲಾಯಿತು. ಮೇಲ್ಮನವಿಯಲ್ಲಿ ಅದು ಆರೂವರೆ ಮತ್ತು ಐದು ವರ್ಷಕ್ಕೆ ಇಳಿಯಿತು. ಹೊತ್ತಿಗೆ ಸರಿಯಾಗಿ ತಿಳಿಸಿದ್ದರೆ ಕಾನೂನುಬದ್ಧವಾಗಿಯೇ ದೊಡ್ಡ ಮೊತ್ತ ಮನೆಗೆ ಬರುತ್ತಿತ್ತು!

ಹೊಟ್ಟೆ ಉರಿಯುವ ವಿಷಯ ಬೇರೆಯೇ ಇದೆ. ಆ ನಾಣ್ಯಗಳಲ್ಲಿ ಕೆಲವುಗಳ ಮೇಲೆ ಇಬ್ಬರು ರಾಜರು ಅಕ್ಕಪಕ್ಕ ಕೂತ ಚಿತ್ರವಿದೆ. ಇಂಗ್ಲೆಂಡಿನ ಹಳೆಯ ರಾಜ್ಯ ವೆಸೆಕ್ಸಿನ ಆಲ್ಫ್ರೆಡ್ ಮತ್ತು ಪಕ್ಕದ ರಾಜ್ಯ ಮರ್ಸಿಯಾದ ಸೆಯೊಲ್ವುಲ್ಫ್ ಮಿತ್ರರಾಗಿದ್ದರು ಎಂಬುದಕ್ಕೆ ಸಾಕ್ಷಿ ಅದು. ಆಲ್ಫ್ರೆಡನ ಕಡೆಯ ಚರಿತ್ರೆಕಾರರು ಸೆಯೊಲ್ವುಲ್ಫನನ್ನು ಹಗುರಾಗಿ ತಳ್ಳಿಹಾಕಿದ್ದರು. ಸುಳ್ಳನ್ನು ಬಯಲು ಮಾಡುವ ನಾಣ್ಯಗಳವು. 300ರಲ್ಲಿ ಪೊಲೀಸರಿಗೆ ಸಿಕ್ಕಿದ್ದು 30ರ ಆಸುಪಾಸು ಮಾತ್ರ!

ಗಡಿ ದಾಟಿದರೆ ಲೆಕ್ಕವೇ ಬೇರೆ! ಸ್ಕಾಟ್ಲೆಂಡಿನಲ್ಲಿ ಬಹುಮಾನ ಪೂರ್ತಿ ಹುಡುಕಿದವರಿಗೆ, ಜಮೀನಿನವರಿಗೆ ಕಾನೂನಿನ ಪ್ರಕಾರ ಏನೂ ಇಲ್ಲ. 2014ರಲ್ಲಿ ಚರ್ಚಿನ ಜಮೀನಿನಲ್ಲಿ ಸಿಕ್ಕ ಗ್ಯಾಲೋವೇ ನಿಧಿಗೆ ಕಟ್ಟಿದ ಬೆಲೆ 19.8 ಲಕ್ಷ ಪೌಂಡ್!

ಐರ್ಲೆಂಡಿಗೆ ಬನ್ನಿ. 1980ರಲ್ಲಿ ಡೆರಿನಾಫ್ಲಾನ್ ಎಂಬ ಹಳೆಯ ಮಠದ ಜಾಗದಲ್ಲಿ ತಂದೆ ಮಗ ಸೇರಿ ಬೆಳ್ಳಿಯ ಅಪೂರ್ವ ಪೂಜಾಪಾತ್ರೆಗಳನ್ನು ಹೊರತೆಗೆದರು. ಹೈಕೋರ್ಟ್ ಅವರಿಗೆ 55 ಲಕ್ಷ ಐರಿಷ್ ಪೌಂಡ್ ಅಂದಿತು. ಸುಪ್ರೀಂ ಕೋರ್ಟ್ 1987ರಲ್ಲಿ ಅದನ್ನು ತಳ್ಳಿಹಾಕಿತು. ನೋಡಿಹೋಗಲು ಬಂದವರಿಗೆ ಅಗೆಯುವ ಹಕ್ಕಿಲ್ಲ, ಪಾತ್ರೆಗಳು ಸರಕಾರದ್ದು ಎಂದಿತು. ಕೊನೆಗೆ ಕೈಗೆ ಬಂದದ್ದು 50,000! ಅದೇ ವರ್ಷ ಅಲ್ಲಿ ಪರವಾನಗಿಯಿಲ್ಲದೆ ಪುರಾತನ ವಸ್ತು ಹುಡುಕಲು ಡಿಟೆಕ್ಟರ್ ಹಿಡಿಯುವುದೇ ಅಪರಾಧವಾಯಿತು.

ಡೆನ್ಮಾರ್ಕ್ ನೋಡಿ. ನೆಲದಲ್ಲಿ ಸಿಕ್ಕ ಚಿನ್ನ ರಾಜನದು ಎಂದು 1241ರಲ್ಲೇ ಬರೆದಿಟ್ಟಿದ್ದಾರೆ! ಇಂದಿಗೂ ಸಿಕ್ಕಿದ್ದನ್ನು ಒಪ್ಪಿಸಿ ಬಹುಮಾನ ಪಡೆಯಬೇಕು. 2020ರಲ್ಲಿ ಒಬ್ಬರು ಹೊಸ ಡಿಟೆಕ್ಟರ್ ಹಿಡಿದು ಶಾಲೆಯ ಹಳೆಯ ಸಹಪಾಠಿಯ ಹೊಲಕ್ಕೆ ಹೋದರು, ಕೇಳಿಕೊಂಡೇ. ಮೊದಲು ಸಿಕ್ಕಿದ್ದು ಮೀನಿನ ಡಬ್ಬಿಯ ಮುಚ್ಚಳ ಅಂದುಕೊಂಡರಂತೆ. ಅಲ್ಲಿತ್ತು ಸುಮಾರು ಒಂದು ಕಿಲೋ ಚಿನ್ನ! ಅದರಲ್ಲಿದ್ದ ಒಂದು ಪದಕದ ಮೇಲೆ ಓಡಿನ್ ದೇವರ ಹೆಸರಿನ ಅತಿ ಹಳೆಯ ಬರಹ!

ನಾರ್ವೆಯ ಒಬ್ಬರಿಗೆ ವೈದ್ಯರು, ಸೋಫಾ ಬಿಟ್ಟು ಏಳಿ, ನಡೆದಾಡಿ ಎಂದರು. ಅವರು ಡಿಟೆಕ್ಟರ್ ಕೊಂಡು ನಡೆಯತೊಡಗಿದರು. 2023ರಲ್ಲಿ ಚಿನ್ನದ ಒಂಬತ್ತು ಪದಕ ಸಿಕ್ಕವು!

ಜರ್ಮನಿಯ ನೆಬ್ರಾ ತಟ್ಟೆಯದು ಸಿನಿಮಾ ಕಥೆ. 1999ರಲ್ಲಿ ಇಬ್ಬರು ನಿಧಿಗಳ್ಳರು ಗುಡ್ಡದ ಕಾಡಿನಲ್ಲಿ ಅಗೆದರು. ಸಿಕ್ಕಿದ್ದು ಊಟದ ತಟ್ಟೆಯಷ್ಟಗಲದ ಕಂಚಿನ ಬಿಲ್ಲೆ. ಮೇಲೆ ಚಿನ್ನದ ಚಂದ್ರ, ನಕ್ಷತ್ರಗಳು. ಏಳು ಚುಕ್ಕಿಗಳ ಗೊಂಚಲೊಂದಿದೆ, ಅದು ನಮ್ಮ ಕೃತ್ತಿಕೆಯೇ ಎನ್ನುತ್ತಾರೆ! ವಯಸ್ಸು ಸುಮಾರು 3,600 ವರ್ಷ. ಕಳ್ಳರು ಅದನ್ನು 31,000 ಮಾರ್ಕಿಗೆ ಮಾರಿಬಿಟ್ಟರು. 2002ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಹೋಟೆಲಿನಲ್ಲಿ ಪುರಾತತ್ವ ತಜ್ಞರೇ ಗಿರಾಕಿಯ ವೇಷದಲ್ಲಿ ಕೂತರು. ಕೇಳಿದ ಬೆಲೆ 7 ಲಕ್ಷ ಮಾರ್ಕ್. ಪೊಲೀಸರು ಅಲ್ಲೇ ಹಿಡಿದರು! ಅಗೆಯುವಾಗ ಬಿದ್ದ ಏಟಿನ ಗುರುತು ಬಿಲ್ಲೆಯ ಅಂಚಿನಲ್ಲಿ ಇಂದಿಗೂ ಇದೆ.

ಫ್ರಾನ್ಸಿನ ಒಬ್ಬ ಹೂಡಿದ ಉಪಾಯ ಕೇಳಿ. ಅವನ ದೇಶದಲ್ಲಿ ನಿಯಮ ಬಿಗಿ, ಪಕ್ಕದ ಬೆಲ್ಜಿಯಂನಲ್ಲಿ ಸಡಿಲ. ಎಲ್ಲವೂ ಬೆಲ್ಜಿಯಂನ ಹಣ್ಣಿನ ತೋಟದಲ್ಲಿ ಸಿಕ್ಕಿತು ಎಂದ. ಎಲ್ಲ ಅಂದರೆ 27,400 ವಸ್ತು! ಒಂದೇ ತೋಟದಲ್ಲಿ ಅಷ್ಟೊಂದು ಇರಲು ಸಾಧ್ಯವೇ ಇಲ್ಲ ಎಂದರು ತಜ್ಞರು. 2020ರಲ್ಲಿ ಅಷ್ಟೂ ಮುಟ್ಟುಗೋಲು!

ಸ್ವೀಡನ್ನಿನಲ್ಲಿ ಡಿಟೆಕ್ಟರ್ ಬಳಸಲು ಜಿಲ್ಲಾಡಳಿತದ ಅನುಮತಿ ಬೇಕು. 1999ರಲ್ಲಿ ಗಾಟ್ಲೆಂಡ್ ದ್ವೀಪದ ಸ್ಪಿಲಿಂಗ್ಸ್ ಹೊಲಕ್ಕೆ ಟಿವಿಯವರು ಬಂದದ್ದು ನಿಧಿಗಳ್ಳರ ಹಾವಳಿಯ ಬಗ್ಗೆಯೇ ವರದಿ ಮಾಡಲು! ಅವರು ಚಿತ್ರೀಕರಣ ಮುಗಿಸಿ ಹೊರಟರು. ತಜ್ಞರು ಇನ್ನು ಸ್ವಲ್ಪ ನೋಡೋಣವೆಂದು ಉಳಿದರು. ಸಿಕ್ಕಿತು ನೋಡಿ 67 ಕಿಲೋ ಬೆಳ್ಳಿ, ವೈಕಿಂಗ್ ಕಾಲದ ಅತಿ ದೊಡ್ಡ ಬೆಳ್ಳಿ ನಿಧಿ! ಕ್ಯಾಮೆರಾದವರು ದಾರಿಯಲ್ಲಿದ್ದರು.

ನಮ್ಮಲ್ಲಿ? ಭಾರತದ ನಿಧಿ ಕಾಯ್ದೆ 1878ರದು. ಮಣ್ಣಿನಲ್ಲಿ ಸಿಕ್ಕಿದ್ದರ ಬೆಲೆ ಎಷ್ಟಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಗೊತ್ತೇ? ಅದು ಹೇಳುವುದು 10 ರೂಪಾಯಿ ಮೀರಿದರೆ! ವಾರಸುದಾರರು ಇಲ್ಲವೆಂದು ತೀರ್ಮಾನವಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಮುಕ್ಕಾಲು ಪಾಲು ಸಿಕ್ಕಿದವರಿಗೆ, ಕಾಲು ಪಾಲು ಜಾಗದವರಿಗೆ. ಬೇಕಿದ್ದರೆ ಸರಕಾರವೇ ಬೆಲೆ ಕೊಟ್ಟು ಕೊಳ್ಳಬಹುದು. ಬಚ್ಚಿಟ್ಟರೆ ಪಾಲೂ ಹೋಯಿತು, ಒಂದು ವರ್ಷದವರೆಗೆ ಜೈಲೂ ಬಂತು! ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯೂ ಇದೆ.

ಅದಕ್ಕೂ ಹಿಂದೆ ಹೋಗಿ. ನಿಧಿಯ ಸುದ್ದಿ ತಂದವನಿಗೆ ಆರನೇ ಒಂದು ಪಾಲು, ರಾಜನ ಸೇವಕನಾದರೆ ಹನ್ನೆರಡನೇ ಒಂದು ಪಾಲು ಎಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಸಂಬಳ ತಿನ್ನುವವನಿಗೆ ಅರ್ಧ!

ನಮ್ಮ ವಿಜಯನಗರ ಕಾಲದ ದಾನಶಾಸನಗಳನ್ನು ಓದಿದ್ದೀರಾ? ಭೂಮಿ ಕೊಡುವಾಗ ಅಷ್ಟಭೋಗಗಳ ಸಮೇತ ಕೊಡುತ್ತಿದ್ದರು. ಆ ಎಂಟರ ಪಟ್ಟಿಯಲ್ಲಿ ಮೊಟ್ಟಮೊದಲ ಹೆಸರೇ ನಿಧಿ! ಆಮೇಲೆ ನಿಕ್ಷೇಪ, ಆಮೇಲೆ ನೀರು, ಕಲ್ಲು. ನೆಲದಡಿ ಇರುವುದು ಯಾರದು ಎಂಬುದನ್ನು ಕಲ್ಲಿನಲ್ಲೇ ಕೆತ್ತಿ ತೀರ್ಮಾನಿಸಿಬಿಟ್ಟಿದ್ದರು!

ಇದಂತೂ ನಂಬಲಾಗದು. 1958ರ ಸ್ಮಾರಕ ಕಾಯ್ದೆಯ ಪ್ರಕಾರ, ಸಂರಕ್ಷಿತವಲ್ಲದ ಜಾಗದಲ್ಲೂ ಪುರಾತತ್ವ ಉತ್ಖನನ ಮಾಡಬೇಕೆಂದರೆ ಸ್ವತಃ ರಾಜ್ಯ ಸರಕಾರವೇ ಕೇಂದ್ರದ ಒಪ್ಪಿಗೆ ಮೊದಲು ಪಡೆಯಬೇಕು! ಸರಕಾರವೇ ಕೇಳಬೇಕು ಎಂದ ಮೇಲೆ, ಅಮಾವಾಸ್ಯೆ ರಾತ್ರಿ ಹಾರೆ ಹಿಡಿದು ಹಾಳು ಗುಡಿಯ ಗರ್ಭಗುಡಿ ಒಡೆಯುವವರಿಗೆ ಯಾವ ರಿಯಾಯಿತಿ? ಅವರು ಕೆಡವಿದ ಒಂದೊಂದು ಪೀಠವೂ ನಮ್ಮೆಲ್ಲರಿಗೂ ಆದ ನಷ್ಟ.

ಕೊನೆಗೆ ಜೆರ್ಸಿ ದ್ವೀಪದ ಇಬ್ಬರು ಗೆಳೆಯರು. ಹಿಂದೊಮ್ಮೆ ಒಂದು ಹೊಲದಲ್ಲಿ ಬೆಳ್ಳಿ ಗುಂಡಿಗಳಂಥವು ಸಿಕ್ಕಿದ್ದವು ಎಂಬ ಮಾತು ಅವರ ಕಿವಿಗೆ ಬಿತ್ತು. ಜಮೀನಿನವರು ಬೆಳೆ ಕೊಯ್ದ ಮೇಲಷ್ಟೇ ಹೊಲಕ್ಕೆ ಬಿಡುತ್ತಿದ್ದರು. ಗೆಳೆಯರು ಬೇಲಿ ಹಾರಲಿಲ್ಲ. ಕೊಯ್ಲಿಗೆ ಕಾದರು, ಮತ್ತೆ ಮುಂದಿನ ಕೊಯ್ಲಿಗೆ ಕಾದರು. ಹೀಗೆ ಸುಮಾರು 30 ವರ್ಷ! 2012ರಲ್ಲಿ ಗುಂಡಿಯ ತಳದಲ್ಲಿ ನಾಣ್ಯಗಳು ಕಂಡದ್ದೇ ಅಗೆತ ನಿಲ್ಲಿಸಿ ತಜ್ಞರನ್ನು ಕರೆದರು. ಮುಕ್ಕಾಲು ಟನ್ ತೂಕದ ಇಡೀ ಗಟ್ಟಿಯನ್ನು ಕ್ರೇನ್ ಹಚ್ಚಿ ಎತ್ತಬೇಕಾಯಿತು. ಒಂದಕ್ಕೊಂದು ಅಂಟಿಕೊಂಡಿದ್ದ ನಾಣ್ಯಗಳನ್ನು ಬಿಡಿಸಿ ಎಣಿಸಲು ವರ್ಷಗಳೇ ಹಿಡಿದವು. ಲೆಕ್ಕ ಸಿಕ್ಕಾಗ ಹತ್ತಿರ ಹತ್ತಿರ 70,000!