ಕೊಬ್ಬಿಲ್ಲದ ಮೈ, ಕೊರೆಯುವ ಕಡಲು

ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಗೆ ಸೇರುವ ಎಲ್ಕ್‌ಹಾರ್ನ್ ಸ್ಲೂ ಎಂಬ ಹಿನ್ನೀರಿನಲ್ಲಿ ಚಳಿಗಾಲದಲ್ಲೂ ಕಯಾಕ್‌ಗಳು ಓಡಾಡುತ್ತವೆ. ಸ್ಯಾನ್ ಹೊಸೆ ಕಡೆಯ ಕನ್ನಡಿಗರಿಗೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಕೊಲ್ಲಿಯ ನೀರು ಆಗ 12 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಹುಟ್ಟಿನಿಂದ ತೊಟ್ಟಿಕ್ಕುವ ಹನಿಗೇ ಬೆರಳು ಮರಗಟ್ಟುತ್ತದೆ. ಅದೇ ನೀರಿನ ಮೇಲೆ ಕಡಲ ನೀರುನಾಯಿ ಅಂಗಾತ ಮಲಗಿ, ಏಡಿಯನ್ನು ಎದೆಯ ಮೇಲಿಟ್ಟುಕೊಂಡು ಒಂದೊಂದೇ ಕಾಲು ಮುರಿದು ತಿನ್ನುತ್ತಿರುತ್ತದೆ.

ಪಕ್ಕದ ಕೆಸರು ದಿಬ್ಬದ ಮೇಲೆ ಬಿದ್ದುಕೊಂಡಿರುವ ಸೀಲ್‌ಗಳಿಗಾದರೆ ಚರ್ಮದಡಿ ದಪ್ಪ ಕೊಬ್ಬಿದೆ. ನೀರುನಾಯಿಗೆ ಅದಿಲ್ಲ. ಅದಕ್ಕಿರುವುದು ತುಪ್ಪಳ: ಒಂದು ಚದರ ಸೆಂಟಿಮೀಟರಿನಲ್ಲಿ ಒಂದು ಲಕ್ಷಕ್ಕೂ ಮೀರಿ ಕೂದಲು. ನಮ್ಮ ಇಡೀ ತಲೆಯ ಮೇಲಿರುವುದೇ ಹೆಚ್ಚುಕಡಿಮೆ ಅಷ್ಟು! ಕೂದಲ ನಡುವೆ ಸಿಕ್ಕಿಕೊಂಡ ಗಾಳಿ, ನೀರನ್ನು ಚರ್ಮಕ್ಕೆ ತಾಗಗೊಡುವುದಿಲ್ಲ. ಅದಕ್ಕೇ ಅದು ಮತ್ತೆಮತ್ತೆ ಉರುಳುತ್ತದೆ, ಮೈ ಉಜ್ಜಿಕೊಳ್ಳುತ್ತದೆ, ತುಪ್ಪಳಕ್ಕೆ ಗಾಳಿ ಊದುತ್ತದೆ. ನೋಡುವವರಿಗೆ ಆಟ, ಅದಕ್ಕೆ ಜೀವನ್ಮರಣದ ಕೆಲಸ. ಎಣ್ಣೆ ಸೋರಿ ತುಪ್ಪಳ ಮೆತ್ತಿಕೊಂಡರೆ ಗಾಳಿ ನಿಲ್ಲದು, ಚಳಿಗೇ ಸಾಯುತ್ತದೆ.

ತುಪ್ಪಳವೊಂದೇ ಸಾಲದು. ಇದರ ಸ್ನಾಯುಕೋಶಗಳ ಮೈಟೊಕಾಂಡ್ರಿಯಾಗಳು ಸೋರುತ್ತವೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ, ಆಹಾರದ ಶಕ್ತಿಯಲ್ಲಿ ದೊಡ್ಡ ಪಾಲು ಕೆಲಸಕ್ಕೆ ಒದಗದೆ ನೇರವಾಗಿ ಶಾಖವಾಗುತ್ತದೆ. ಸುಮ್ಮನೆ ಮಲಗಿದ್ದರೂ ಒಲೆ ಉರಿಯುತ್ತಲೇ ಇರುತ್ತದೆ. ಅದಕ್ಕೆ ಸೌದೆ ಬೇಕಲ್ಲ! ದಿನಕ್ಕೆ ಮೈತೂಕದ ಸುಮಾರು ಕಾಲುಭಾಗ ತಿನ್ನಬೇಕು. 25 ಕಿಲೋ ತೂಗುವ ಪ್ರಾಣಿಗೆ ಆರು ಕಿಲೋ ಏಡಿ, ಕಪ್ಪೆಚಿಪ್ಪು.

ಈ ಹೊಟ್ಟೆಬಾಕತನದಿಂದ ಹಿನ್ನೀರಿಗೇ ಒಳ್ಳೆಯದಾಗಿದೆ. ಸುತ್ತಲ ಹೊಲಗಳಿಂದ ಹರಿದು ಬರುವ ಗೊಬ್ಬರ ಉಂಡು ಕೊಬ್ಬಿದ ಪಾಚಿ, ಕಡಲಹುಲ್ಲಿನ ಎಲೆಗಳಿಗೆ ಬಿಸಿಲೇ ತಾಗದಂತೆ ಮುತ್ತುತ್ತಿತ್ತು. ಆ ಪಾಚಿ ಮೇಯುವ ಹುಳುಗಳನ್ನು ಏಡಿಗಳು ಮುಕ್ಕುತ್ತಿದ್ದವು. ನೀರುನಾಯಿ ಬಂದು ಏಡಿ ತಿಂದಮೇಲೆ ಹುಳು ಹೆಚ್ಚಿದವು, ಹುಲ್ಲು ಹಬ್ಬಿತು. ತುಪ್ಪಳದಾಸೆಗೆ ಬೇಟೆಯಾಡಿ ಮುಗಿಸಿಯೇಬಿಟ್ಟೆವೆಂದು ಜನ ತಿಳಿದಿದ್ದ ಪ್ರಾಣಿಯಿದು. ಆದರೆ 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಐವತ್ತರಷ್ಟು ಕಣ್ಣಿಗೆ ಬಿದ್ದವು.

ಕಯಾಕ್‌ನವರು ಕನಿಷ್ಠ 18 ಮೀಟರ್ ದೂರದಲ್ಲಿರಬೇಕೆಂಬ ಸೂಚನೆಯ ಹಿಂದಿರುವುದು ಇದೇ ಶಾಖದ ಲೆಕ್ಕ. ಮಲಗಿದ್ದದ್ದು ಬೆದರಿ ಮುಳುಗಿದರೆ, ಖರ್ಚಾದಷ್ಟನ್ನೂ ಮತ್ತೆ ಏಡಿ ಹುಡುಕಿ ತುಂಬಿಕೊಳ್ಳಬೇಕು. ಮರಿಯನ್ನು ಹೊಟ್ಟೆಯ ಮೇಲೆ ಹೊತ್ತ ತಾಯಿಗಂತೂ ಇದು ತೀರ ದುಬಾರಿ. ಆದರೂ ಫೋಟೊ ಆಸೆಗೆ ನೇರ ಅದರತ್ತಲೇ ಹುಟ್ಟು ಹಾಕುವವರಿಗೆ ಕೊರತೆಯಿಲ್ಲ. ಅದು ತಲೆಯೆತ್ತಿ ನಿಮ್ಮನ್ನೇ ನೋಡಿತೆಂದರೆ ಆಗಲೇ ಹತ್ತಿರವಾಯಿತೆಂದು ತಿಳಿದು, ಕಯಾಕ್‌ನ ಮೂತಿ ತಿರುಗಿಸಿ ಪಕ್ಕದಿಂದ ಸಾಗಬೇಕು.