ತಲೆಬರಹದ ಲಿಪಿ

ಮೂಡಿಗೆರೆ, ಕಳಸಗಳ ಕಡೆಯ ತೋಟಗಳಲ್ಲಿ ಚಳಿಗಾಲದ ಪಾತಿಗಳಿಗೆ ಕಾಫಿಬೀಜ ಬಿತ್ತಿ ಹುಲ್ಲು ಹೊದಿಸುತ್ತಾರೆ. ಸುಮಾರು ಒಂದೂವರೆ ತಿಂಗಳಿಗೆ ಮೊಳಕೆ ತಲೆಯೆತ್ತುತ್ತದೆ. ಬೀಜದ ಸಿಪ್ಪೆ ಇನ್ನೂ ನೆತ್ತಿಯ ಮೇಲೆಯೇ ಕುಳಿತಿರುವ ಆ ಅವಸ್ಥೆಗೆ ತೋಟದವರು ಇಟ್ಟ ಹೆಸರು ‘ಟೋಪಿ’. ಬೇರು ಡೊಂಕಾದ ಸಸಿಯನ್ನು ಮೇಸ್ತ್ರಿ ನಿರ್ದಾಕ್ಷಿಣ್ಯವಾಗಿ ಕಿತ್ತೆಸೆಯುತ್ತಾನೆ.

ಮನುಷ್ಯನ ಕೂಸಿಗೆ ಆ ನ್ಯಾಯ ಸಲ್ಲದು. ತಲೆ ತೀರ ಚಿಕ್ಕದಾಗಿ ಹುಟ್ಟಿದ ಮಗುವನ್ನು ತಾಯಿ ಎದೆಗಪ್ಪಿಕೊಳ್ಳುತ್ತಾಳೆ. ಊರು ಕಾರಣ ಹುಡುಕುತ್ತದೆ. ಬಸುರಿ ಗ್ರಹಣದಲ್ಲಿ ಹೊರಗೆ ಬಂದಳೆಂಬುದು ಒಬ್ಬರ ಮಾತು, ಹರಕೆ ಮರೆತಳೆಂಬುದು ಇನ್ನೊಬ್ಬರದು. ಕೊನೆಗೆ ಎಲ್ಲರೂ ಒಪ್ಪುವ ಉತ್ತರವೆಂದರೆ ತಲೆಬರಹ. ಆ ಬರಹದ ಕೆಲವು ಅಕ್ಷರಗಳನ್ನು ಬೆಂಗಳೂರಿನ ವಿಜ್ಞಾನಿಗಳು ಓದಿದ್ದಾರೆಂಬುದು ಮಲೆನಾಡಿನ ಮನೆಗಳಿಗೂ ತಿಳಿಯಬೇಕಾದ ಸಂಗತಿ.

ಗರ್ಭಾಂಕುರವಾದ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಪದರವೊಂದು ದಪ್ಪವಾಗುತ್ತದೆ. ಅದರ ಅಂಚುಗಳೆರಡೂ ಮೇಲೆದ್ದು, ಬಾಗಿ, ಒಂದನ್ನೊಂದು ಕೂಡಿ ನಾಳವಾಗುತ್ತವೆ. ೨೮ನೆಯ ದಿನದ ಹೊತ್ತಿಗೆ ನಾಳ ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ಆಗಿನ್ನೂ ಬಸುರಿನ ಸುದ್ದಿಯೇ ಖಚಿತವಾಗಿರುವುದಿಲ್ಲ. ನಾಳದ ಯಾವ ಭಾಗ ಏನಾಗಬೇಕೆಂಬುದನ್ನು ವಂಶವಾಹಿಗಳು ನಿಯಮಿಸುತ್ತವೆ. ಅವುಗಳಲ್ಲೊಂದರ ಹೆಸರು ‘ಸಾನಿಕ್ ಹೆಡ್ಜ್‌ಹಾಗ್’. ಹುಡುಗರ ವಿಡಿಯೋ ಆಟದ ಪಾತ್ರವೊಂದರಿಂದ ಎತ್ತಿಕೊಂಡ ಹೆಸರು! ಇದರಿಂದ ಹುಟ್ಟುವ ಪ್ರೋಟೀನು ನಾಳದ ಕೆಳಬದಿಯಿಂದ ಹರಡುತ್ತದೆ. ಹತ್ತಿರದ ಜೀವಕೋಶಕ್ಕೆ ಹೆಚ್ಚು, ದೂರದ್ದಕ್ಕೆ ಕಡಿಮೆ. ಸಿಕ್ಕ ಪ್ರಮಾಣಕ್ಕೆ ತಕ್ಕಂತೆ ಕೋಶಗಳು ಬೇರೆ ಬೇರೆ ಬಗೆಯ ನರಕೋಶಗಳಾಗುತ್ತವೆ.

ಈ ಆಜ್ಞೆಯನ್ನು ಕೇಳಲು ಕಿವಿಯೂ ಬೇಕಷ್ಟೆ. ‘ಸ್ಟಿಲ್’ ಎಂಬ ವಂಶವಾಹಿಯನ್ನು ಸಂಶೋಧಕರು ಮೊದಲು ಕಂಡದ್ದು ರಕ್ತದ ಕ್ಯಾನ್ಸರಿನ ಅಧ್ಯಯನದಲ್ಲಿ. ಅದನ್ನು ಕಳೆದುಕೊಂಡ ಇಲಿಯ ಭ್ರೂಣಗಳು ಹತ್ತು ದಿನ ದಾಟಿದ ಮೇಲೆ ಹೆಚ್ಚು ಕಾಲ ಬದುಕಲಿಲ್ಲವೆಂದು ೧೯೯೯ರಲ್ಲಿ ಪ್ರಕಟವಾಯಿತು. ನರನಾಳದ ನಡುಗೆರೆ ಕೆಟ್ಟಿತ್ತು. ಸಾನಿಕ್ ಹೆಡ್ಜ್‌ಹಾಗ್‌ನ ಆಜ್ಞೆಗೆ ಕೋಶಗಳು ಓಗೊಡುತ್ತಿರಲಿಲ್ಲ.

ಅದಾದ ಹತ್ತು ವರ್ಷಕ್ಕೆ, ೨೦೦೯ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್, ನಿಮ್ಹಾನ್ಸ್‌ನ ಮನೋವೈದ್ಯ ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಕಿರುತಲೆಯ ಮಕ್ಕಳಿದ್ದ ೨೪ ಕುಟುಂಬಗಳನ್ನು ಪರಿಶೀಲಿಸಿದ ಫಲವನ್ನು ಪ್ರಕಟಿಸಿದರು. ಈ ದೋಷಕ್ಕೆ ಕಾರಣವಾಗುವ ಆರು ತಾಣಗಳು ಅಂದಿಗಾಗಲೇ ತಿಳಿದಿದ್ದುವು. ಈ ಮನೆತನಗಳಿಗೆ ಅವಾವುವೂ ಹೊಂದಲಿಲ್ಲ. ಐದು ಕುಟುಂಬಗಳ ಸುಳಿವು ಮೊದಲನೆಯ ವರ್ಣತಂತುವಿನತ್ತ ಬೆರಳು ಮಾಡಿತು. ಅಲ್ಲಿ ಕೆಟ್ಟಿದ್ದುದು ಇದೇ ‘ಸ್ಟಿಲ್’.

ಕೋಶವೊಂದು ಎರಡಾಗುವಾಗ ವರ್ಣತಂತುಗಳನ್ನು ಇಬ್ಬದಿಗೂ ಸಮನಾಗಿ ಎಳೆಯುವ ಪುಟ್ಟ ಅಂಗವೊಂದುಂಟು. ಅದು ಇಮ್ಮಡಿಯಾಗಲು ಸ್ಟಿಲ್ ಬೇಕು. ಇಲಿಗಳಲ್ಲಿ ಅದು ಪೂರ್ಣ ಇಲ್ಲವಾಗಿತ್ತು. ಈ ಮಕ್ಕಳಲ್ಲಿ ಅದರ ಬಾಲ ಮಾತ್ರ ತುಂಡಾಗಿತ್ತು. ಹೀಗೆ ತುಂಡಾದ ಪ್ರೋಟೀನು ಕಾಲಕ್ಕೆ ಸರಿಯಾಗಿ ನಾಶವಾಗದೆ, ಆ ಅಂಗವನ್ನು ಮಿತಿಮೀರಿ ಹೆಚ್ಚಿಸುತ್ತದೆಯೆಂದು ೨೦೧೪ರಲ್ಲಿ ಗೊತ್ತಾಯಿತು. ಕೊರತೆಯೂ ಕೇಡು, ಅತಿಯೂ ಕೇಡು. ಮಿದುಳನ್ನು ಕಟ್ಟಬೇಕಾದ ಮೂಲಕೋಶಗಳ ಬಂಡವಾಳ ಬೇಗನೆ ಕರಗಿ, ತಲೆ ಕಿರಿದಾಗಿ ಉಳಿಯುತ್ತದೆ.

ಕೆಟ್ಟ ಪ್ರತಿ ಒಂದೇ ಇದ್ದರೆ ಬಾಧಕವಿಲ್ಲ. ತಂದೆಯಿಂದಲೂ ತಾಯಿಯಿಂದಲೂ ಒಂದೊಂದು ಬಂದರೆ ಮಾತ್ರ ರೋಗ. ಆದುದರಿಂದ ಸೊಸೆಯೊಬ್ಬಳನ್ನೇ ದೂಷಿಸುವುದು ಶುದ್ಧ ಅವಿವೇಕ. ಇಂಥ ವಿರಳ ದೋಷ ಸೋದರಮಾವನಲ್ಲಿದ್ದರೆ ಅಕ್ಕನ ಮಗಳಲ್ಲಿಯೂ ಅದೇ ಇರುವ ಸಂಭವ ನಾಲ್ಕರಲ್ಲೊಂದು. ಅತ್ತೆಯ ಮಗ, ಮಾವನ ಮಗಳ ಜೋಡಿಯಲ್ಲಿ ಎಂಟರಲ್ಲೊಂದು. ದಂಪತಿಗಳಿಬ್ಬರಲ್ಲೂ ಇದ್ದರೆ ಪ್ರತಿ ಬಸುರಿನಲ್ಲೂ ಅಪಾಯ ನಾಲ್ಕರಲ್ಲೊಂದು. ಸೋದರಿಕೆಯ ಮದುವೆಗಳಲ್ಲಿ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಎಂಬುದನ್ನೂ ಹೇಳಬೇಕು.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ನಂಟಿರುವ ಬೆಳೆಗಾರನಿಗೆ ‘ಎಸ್.೭೯೫’ ತಳಿಯ ತಂದೆತಾಯಿ ಎಸ್.೨೮೮ ಮತ್ತು ಕೆಂಟ್ ಎಂಬುದು ಬಾಯಿಪಾಠ. ಅರೇಬಿಕಾ ಗಿಡ ತನ್ನ ಪರಾಗದಿಂದಲೇ ಕಾಯಿ ಕಟ್ಟೀತು, ರೊಬಸ್ಟಾ ಪರಪರಾಗವಿಲ್ಲದೆ ಕಟ್ಟದು ಎಂಬುದೂ ಆತನಿಗೆ ಗೊತ್ತು. ಮಗಳ ಮದುವೆಯ ಮಾತು ಬಂದಾಗ ಮಾತ್ರ, ತೋಟ ಕೈಬಿಟ್ಟು ಹೋಗಬಾರದೆಂಬ ಲೆಕ್ಕವೇ ಮೇಲಾಗುವುದುಂಟು.

ಕಿರುತಲೆಗೆ ಮದ್ದಿಲ್ಲ. ಆದರೆ ಮನೆಯಲ್ಲಿ ಒಂದು ಮಗು ಹೀಗೆ ಹುಟ್ಟಿದ್ದು, ಅದರ ರಕ್ತದಲ್ಲಿ ಕೆಟ್ಟ ಅಕ್ಷರ ಯಾವುದೆಂದು ಗೊತ್ತಾದರೆ, ಮುಂದಿನ ಬಸುರಿನಲ್ಲಿ ಮೂರು ತಿಂಗಳು ತುಂಬುವ ಹೊತ್ತಿಗೇ ಪರೀಕ್ಷೆ ಮಾಡಬಹುದು. ಮೊದಲು ಬೇಕಾದದ್ದು ಆ ಮಗುವಿನ ತುಸು ರಕ್ತ. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಸುಮಾರು ೨೫೦ ಕಿಲೋಮೀಟರು. ಕಳಸದಿಂದ ಹೊರಡುವ ತಾಯಿಗೆ ಅದಕ್ಕೆ ಮುಂಚೆ ಘಟ್ಟದ ತಿರುವುಗಳೂ ಉಂಟು.